ಪಿಜ್ಜಿಯ ಸೇರು

ನಮ್ಮ ಮನೆಯಲ್ಲಿ ಪಿಜ್ಜಿಯ ಒಂದೇ ಒಂದು ಭಾವಚಿತ್ರವಿಲ್ಲ. ಅಮ್ಮನ ಅಜ್ಜಿಯಾದ ಅವರು ನೋಡಲು ಹೇಗಿದ್ದರು ಎಂದು ಕೇಳಿದರೆ, ಎತ್ತರದ ಆಳು, ಕಿವಿಯ ತೂತು ದೊಡ್ಡದು, ಮಾತು ಕಡಿಮೆ ಎಂಬಷ್ಟನ್ನು ಹೇಳಿ ಅಮ್ಮ ನಿಲ್ಲಿಸುತ್ತಾರೆ. ಅವರು ಅಕ್ಕಿಯನ್ನು ಹೇಗೆ ಅಳೆಯುತ್ತಿದ್ದರು ಎಂದು ಕೇಳಿದರೆ ಮಾತ್ರ ಉತ್ತರ ಬೇಗ ಮುಗಿಯುವುದಿಲ್ಲ. ಪಿಜ್ಜಿ ನಮಗೆ ಬಿಟ್ಟುಹೋದದ್ದು ಒಂದು ಸೇರು. ಹಿರಿಯಡಕದ ಕಡೆಯ ಒಂದು ಗೇಣಿ ಒಕ್ಕಲಿನ ಮನೆಯಿಂದ ಉಡುಪಿಯ ನಮ್ಮ ಅಡುಗೆಮನೆಯ ತನಕ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ದಾಟಿ ಬಂದ, ಹಲಸಿನ ಮರದ ಸೇರು ಅದು. ಹೋದವರ ಮುಖ ನೆನಪಿನಲ್ಲಿ ಉಳಿಯುವುದು ಒಂದು ಬಗೆ, ಅವರ ನಡತೆ ಉಳಿಯುವುದು ಇನ್ನೊಂದು ಬಗೆ. ಪಿಜ್ಜಿ ನಮಗೆ ಉಳಿದದ್ದು ಈ ಎರಡನೆಯ ಬಗೆಯಲ್ಲಿ, ಅದಕ್ಕೆ ಕಾರಣ ಈ ಸೇರು.

ಒಂದೇ ತುಂಡು ಮರವನ್ನು ಕಡೆದು ಮಾಡಿದ ಪಾತ್ರೆ ಅದು. ಬಾಯಿಗೂ ಬುಡಕ್ಕೂ ಹಿತ್ತಾಳೆಯ ಪಟ್ಟಿ ಕಟ್ಟಿದ್ದಾರೆ, ಗೋಡೆಗೆ ತೂಗುಹಾಕಲು ಒಂದು ಬದಿಯಲ್ಲಿ ಸಣ್ಣ ಕೊಂಡಿ ಇದೆ. ಹಲಸಿನ ತಿರುಳು ಹೊಸದರಲ್ಲಿ ಹಳದಿಯಾಗಿರುತ್ತದೆ, ವರ್ಷ ಕಳೆದಂತೆ ಕಂದಾಗುತ್ತದೆ. ನಮ್ಮ ಸೇರು ಕಂದನ್ನೂ ದಾಟಿ ಕಪ್ಪಿನ ಹತ್ತಿರ ಬಂದಿದೆ. ಒಳಮೈ ಮಾತ್ರ ನುಣುಪಾಗಿ ಹೊಳೆಯುತ್ತದೆ. ಅದಕ್ಕೆ ಯಾರೂ ಎಣ್ಣೆ ಹಚ್ಚಿ ತಿಕ್ಕಿದ್ದಲ್ಲ, ಮನೆಯಲ್ಲೇ ಕುಟ್ಟಿದ ಅಕ್ಕಿಯ ತೌಡಿನ ಜಿಡ್ಡು ವರ್ಷಗಟ್ಟಲೆ ಮರಕ್ಕೆ ಇಳಿದು ಬಂದ ಹೊಳಪು ಅದು. ಪಿಜ್ಜಿ ಮನೆಯ ಆಡಳಿತ ವಹಿಸಿಕೊಂಡಾಗ ಅವರ ಸೋದರಮಾವ ಇದನ್ನು ಮಾಡಿಸಿಕೊಟ್ಟರಂತೆ. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಸಂತಾನದ ಮನೆಗಳಲ್ಲಿ ಸೋದರಮಾವ ಅಕ್ಕಿಯ ಅಳತೆಯನ್ನು ಒಬ್ಬ ಹೆಣ್ಣುಮಗಳ ಕೈಗೆ ಕೊಡುವುದೆಂದರೆ ಮನೆಯ ಅನ್ನದ ಲೆಕ್ಕವನ್ನೇ ಅವಳ ಕೈಗೆ ಕೊಟ್ಟಂತೆ.

ಬಾಯಿಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಕೊಂಡಿಯ ಬಲಕ್ಕೆ ಎರಡು ಬೆರಳು ಅಗಲದ ಜಾಗ ಉಳಿದ ಅಂಚಿಗಿಂತ ತಗ್ಗಿರುವುದು ಕಾಣುತ್ತದೆ. ಅಲ್ಲಿ ಹಿತ್ತಾಳೆ ಕಾಗದದಷ್ಟು ತೆಳ್ಳಗಾಗಿದೆ, ಒಂದು ಕಡೆ ಹರಿದು ಕೆಳಗಿನ ಮರವೂ ಸವೆದಿದೆ. ಪಿಜ್ಜಿ ಅಕ್ಕಿ ತುಂಬಿ, ಬಿದಿರಿನ ಸಣ್ಣ ಕೋಲಿನಿಂದ ಬಾಯಿಯನ್ನು ಸವರಿ, ಹೆಚ್ಚಾದದ್ದನ್ನು ಗೆರಸೆಗೆ ಬೀಳಿಸುತ್ತಿದ್ದರು. ಕೋಲು ಪ್ರತಿ ಸಲವೂ ಬಂದು ನಿಂತ ಜಾಗ ಅದು. ನಾನು ಬಲಗೈಯಲ್ಲಿ ಸವರಿದರೆ ಕೋಲು ಆ ತಗ್ಗಿನ ಕಡೆಗೆ ಹೋಗುವುದೇ ಇಲ್ಲ. ಎಡಗೈಗೆ ಬದಲಾಯಿಸಿಕೊಂಡರೆ ತಾನಾಗಿ ಅಲ್ಲಿಗೆ ಬರುತ್ತದೆ. ಅಮ್ಮನನ್ನು ಕೇಳಿದಾಗ, "ಹೌದಲ್ಲ, ಪಿಜ್ಜಿಗೆ ಎಡಗೈಯೇ ಓಡುತ್ತಿದ್ದದ್ದು" ಎಂದರು. ಎಡಗೈಯಲ್ಲಿ ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಪಿಜ್ಜಿ ಎಡಗೈಯಲ್ಲಿ ಸವರಿ, ಸೇರನ್ನು ಬಲಗೈಗೆ ದಾಟಿಸಿ, ಎದುರಿಗಿದ್ದವರ ಸೆರಗಿಗೋ ಬುಟ್ಟಿಗೋ ಸುರಿಯುತ್ತಿದ್ದರು. ಮರಕ್ಕೆ ಬಿದ್ದ ಒಂದು ಗುರುತನ್ನು ಹಿಡಿದು, ನಾನು ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ಹೆಂಗಸಿನ ಕೈ ಯಾವ ಕಡೆಗೆ ಚಲಿಸುತ್ತಿತ್ತೆಂದು ತಿಳಿಯಬಹುದು ಎಂಬುದು ನನಗೆ ಈಗಲೂ ರೋಮಾಂಚನ ತರುತ್ತದೆ. ಫೋಟೋ ಇದ್ದಿದ್ದರೆ ಇದು ನನಗೆ ಗೊತ್ತಾಗುತ್ತಿರಲಿಲ್ಲ.

ಈಗಿನವರಿಗೆ ಈ ಅಳತೆಗಳ ಲೆಕ್ಕ ಹೇಳಬೇಕಾಗುತ್ತದೆ. ನಾಲ್ಕು ಪಾವಿಗೆ ಒಂದು ಸೇರು, 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. ಬೈಹುಲ್ಲನ್ನು ಹರಡಿ, ಅದರ ಮೇಲೆ ಅಕ್ಕಿ ಸುರಿದು, ಹುಲ್ಲಿನ ಹಗ್ಗವನ್ನು ಬಿಗಿಯಾಗಿ ಸುತ್ತುತ್ತಾ, ಕೊಡತಿಯಿಂದ ಬಡಿದು ದುಂಡಗೆ ಮಾಡಿದ ಅಕ್ಕಿಮುಡಿ ತುಳುನಾಡಿನ ಮನೆಗಳ ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಜಾಗದಲ್ಲಿ ಕುಳಿತಿರುತ್ತಿತ್ತು. ಹೊಗೆಗೆ ಹುಳ ಬರುವುದಿಲ್ಲ. ಗದ್ದೆಯ ವಿಸ್ತಾರವನ್ನೂ ಬಿತ್ತುವ ಬೀಜದ ಲೆಕ್ಕದಲ್ಲಿ ಇಷ್ಟು ಮುಡಿ ಗದ್ದೆ ಎಂದೇ ಹೇಳುತ್ತಿದ್ದರು. ಬಾರಕೂರಿನ ಸುತ್ತಿನ ವಿಜಯನಗರ ಕಾಲದ ಶಾಸನಗಳಲ್ಲೂ ದೇವಸ್ಥಾನಗಳಿಗೆ ಬಿಟ್ಟ ಅಕ್ಕಿಯನ್ನು ಮುಡಿಯಲ್ಲಿ ಹೇಳಿ, ಆ ಮುಡಿಗೆ ಎಷ್ಟು ಹಾನೆಯ (ಹಾನೆ ಎಂದರೆ ಆಗಿನ ಸಣ್ಣ ಅಳತೆ) ಲೆಕ್ಕ ಎಂಬುದನ್ನೂ ಬರೆಸಿದ್ದಾರೆ. ಮುಡಿ ಎಂದರೆ ಇಷ್ಟೇ ಎಂದು ಎಲ್ಲರೂ ಒಪ್ಪಿದ್ದರೆ ಹಾಗೆ ಕಲ್ಲಿನಲ್ಲಿ ಬರೆಸುವ ಅಗತ್ಯ ಬೀಳುತ್ತಿರಲಿಲ್ಲ. ಅಳತೆಯ ಜಗಳ ಈ ನೆಲದಲ್ಲಿ ಅಷ್ಟು ಹಳೆಯದು.

ಪಿಜ್ಜಿಯ ಬದುಕಿನಲ್ಲಿ ಆ ಜಗಳ ಗೇಣಿಯ ರೂಪದಲ್ಲಿ ಬಂತು. ಅವರದು ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕಿತ್ತು, ಗೇಣಿಯೂ ಬದಲಾಗುತ್ತಿರಲಿಲ್ಲ. ಚಾಲಗೇಣಿಯವರನ್ನಾದರೋ ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು, ಗೇಣಿಯನ್ನು ಏರಿಸಬಹುದಿತ್ತು. ಗೇಣಿ ಸಲ್ಲುತ್ತಿದ್ದದ್ದು ಹೆಚ್ಚಾಗಿ ಅಕ್ಕಿಯಲ್ಲಿ. ಕೊಯ್ದು, ಬಡಿದು, ಭತ್ತವನ್ನು ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಗೇರಿ ಕುಚ್ಚಲಕ್ಕಿ ಮಾಡುವ ಇಡೀ ಕೆಲಸ ಮನೆಯ ಹೆಂಗಸರದ್ದು. ಮುಡಿಯನ್ನು ಧಣಿಯ ಅಂಗಳಕ್ಕೆ ಹೊತ್ತು ಹಾಕಿದ ಮೇಲೆ ಅಲ್ಲಿ ಅದನ್ನು ಬಿಚ್ಚಿ, ಆ ಮನೆಯ ಕಳಸೆಯಲ್ಲಿ ಇನ್ನೊಮ್ಮೆ ಅಳೆಯುತ್ತಿದ್ದರು. ಮನೆಯಲ್ಲಿ 42 ಸೇರು ಸರಿಯಾಗಿ ಅಳೆದು ಕಟ್ಟಿದ ಮುಡಿ ಅಲ್ಲಿ ಮೂರು ಕಳಸೆ ತುಂಬುತ್ತಿರಲಿಲ್ಲ. ಕಡಿಮೆಬಿದ್ದದ್ದನ್ನು ತುಂಬಿಕೊಡಲು ಪ್ರತಿವರ್ಷ ಮನೆಯ ಊಟದ ಅಕ್ಕಿಯಿಂದ ತೆಗೆಯಬೇಕಾಗುತ್ತಿತ್ತು.

ಇದು ಹೇಗೆ ಆಗುತ್ತದೆಂದು ನಾನು ನಮ್ಮ ಸೇರನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದ್ದೇನೆ. ಅದರ ಬಾಯಿಯ ಅಗಲ ಒಳಗಿನಿಂದ 11 ಸೆಂಟಿಮೀಟರ್, ಆಳ 12. ಬಾಯಿಮಟ್ಟಕ್ಕೆ ಸವರಿದರೆ ಕುಚ್ಚಲಕ್ಕಿ 900 ಗ್ರಾಂ ಆಸುಪಾಸು ತೂಗುತ್ತದೆ. ಸವರದೆ, ಅಕ್ಕಿ ಇನ್ನು ನಿಲ್ಲದೆ ಜಾರುವ ತನಕ ರಾಶಿ ಏರಿಸಿದರೆ ಅದರ ಹತ್ತರಲ್ಲೊಂದು ಪಾಲು ಹೆಚ್ಚು ಹಿಡಿಯುತ್ತದೆ. ಮೇಲೆ ನಿಲ್ಲುವ ರಾಶಿಯ ಗಾತ್ರ ಬಾಯಿಯ ಅಗಲದ ಮೇಲೆ ನಿಂತಿದೆ. ಅಗಲ ಎರಡರಷ್ಟಾದರೆ ರಾಶಿ ಎಂಟರಷ್ಟಾಗುತ್ತದೆ. ಆದ್ದರಿಂದ ಒಂದೇ ಗಾತ್ರದ ಎರಡು ಕಳಸೆಗಳಲ್ಲಿ ಬಾಯಿ ಅಗಲವಿರುವುದು, ಆಳ ಕಡಿಮೆಯಿರುವುದು, ರಾಶಿ ಅಳತೆಯಲ್ಲಿ ಹೆಚ್ಚು ನುಂಗುತ್ತದೆ. ಮುಡಿಯೊಂದಕ್ಕೆ ನಾಲ್ಕೈದು ಸೇರಿನ ವ್ಯತ್ಯಾಸ ಬರಲು ಸುಳ್ಳು ಕಳಸೆಯೂ ಬೇಕಾಗಿಲ್ಲ, ಸವರುವ ಕೋಲನ್ನು ಪಕ್ಕಕ್ಕಿಟ್ಟರೆ ಸಾಕು. ಪಿಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಗಣಿತದ ಸೂತ್ರ ತಿಳಿದಿರಲಿಲ್ಲ. ಆದರೆ ಯಾವ ಅಂಗಳದಲ್ಲಿ ಕೋಲು ಇಲ್ಲ ಎಂಬುದನ್ನು ಅವರು ನೋಡಿದ್ದರು. ತನ್ನ ಮನೆಯಲ್ಲಿ ಕೋಲಿಲ್ಲದೆ ಅಳೆಯಬಾರದೆಂದು ಕಟ್ಟುನಿಟ್ಟು ಮಾಡಿದ್ದು ಅದಕ್ಕೇ ಎಂದು ಪಿಜ್ಜಿಯ ಮಗಳಾದ ನನ್ನ ಅಜ್ಜಿ ಹೇಳುತ್ತಿದ್ದರು.

ಆ ಕಟ್ಟುನಿಟ್ಟು ನೆರೆಕರೆಯವರಿಗೆ ಗೊತ್ತಾಗುತ್ತಿದ್ದದ್ದು ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ. ಹೊರಗೆ ಎಡೆಬಿಡದ ಮಳೆ, ಗದ್ದೆಯಲ್ಲಿ ಏಣೆಲಿನ, ಅಂದರೆ ಮಳೆಗಾಲದ ಬೆಳೆಯ, ನೇಜಿ ಈಗಷ್ಟೇ ಬೇರು ಹಿಡಿದಿರುತ್ತದೆ, ಅಟ್ಟದ ಮುಡಿಗಳು ಮುಗಿಯುತ್ತಾ ಬಂದಿರುತ್ತವೆ. ಆಟಿಯ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದು, ತಗತೆ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜ ಇವೆಲ್ಲ ಇಂದು ಊರೂರಲ್ಲಿ ‘ಆಟಿಡೊಂಜಿ ದಿನ’ದ (ಆಟಿಯಲ್ಲೊಂದು ದಿನ) ಸಂಭ್ರಮದ ಊಟವಾಗಿವೆ. ಅಂದು ಆ ಸೊಪ್ಪು ಬೀಜಗಳೇ ಹಸಿವು ಕಳೆಯುವ ದಾರಿಯಾಗಿದ್ದವು. ಅಕ್ಕಿ ಮುಗಿದ ಮನೆಯವರು ಸಾಲಕ್ಕೆ ಬರುತ್ತಿದ್ದರು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತ ಮೇಲಿನ ವರ್ಷಗಳು ಬಹಳ ಕಷ್ಟದವಾಗಿದ್ದವೆಂದು ಅಜ್ಜಿ ಹೇಳುತ್ತಿದ್ದರು. ಆಗ ನಮ್ಮ ಮನೆಯಲ್ಲೂ ರಾತ್ರಿಗೆ ಗಂಜಿಯ ತಿಳಿ ಮಾತ್ರ ಇದ್ದ ದಿನಗಳಿದ್ದವು. ಆಗಲೂ ಬಂದವರನ್ನು ಪಿಜ್ಜಿ ಬರಿಗೈಯಲ್ಲಿ ಕಳಿಸಿದ್ದಿಲ್ಲ, ಸೇರು ಕೊಡಲಾಗದಿದ್ದರೆ ಪಾವಾದರೂ ಕೊಟ್ಟರು.

ಕೊಡುವಾಗ ಅವರು ಬಾಯಿಮಟ್ಟಕ್ಕೆ ಸವರಿ, ಅದರ ಮೇಲೆ ಒಂದು ಹಿಡಿ ಹಾಕಿ ಸುರಿಯುತ್ತಿದ್ದರು. ಹಿಂದಕ್ಕೆ ತೆಗೆದುಕೊಳ್ಳುವಾಗ ಸವರಿದ್ದಷ್ಟೇ, ಹಿಡಿ ಇಲ್ಲ. ತಂದವರು ಒತ್ತಾಯದಿಂದ ರಾಶಿ ಏರಿಸಿದರೆ ಕೋಲಿನಿಂದ ಎಳೆದು, ಬಿದ್ದದ್ದನ್ನು ಅವರ ಬುಟ್ಟಿಗೇ ಹಾಕುತ್ತಿದ್ದರು. ಚಾವಡಿಯ ಬಾಗಿಲಿನ ಹಿಂಬದಿಯಲ್ಲಿ ವೀಳ್ಯದ ಸುಣ್ಣದಿಂದ ಸೇರಿಗೊಂದು ಗೆರೆ, ಮನೆಗೊಂದು ಸಾಲು. ಅಕ್ಕಿ ಹಿಂದಿರುಗಿದಾಗ ತಂದವರ ಎದುರಿಗೇ ಒದ್ದೆ ಬೆರಳಿನಿಂದ ಗೆರೆಯನ್ನು ಅಳಿಸುತ್ತಿದ್ದರು. ಬಾಗಿಲಿನ ಹಿಂದೆ ಏಕೆ ಎಂದು ಬಾಲ್ಯದಲ್ಲಿ ಅಮ್ಮ ಕೇಳಿದ್ದರಂತೆ. "ಬಾಗಿಲು ತೆರೆದಿರುವಾಗ ಯಾರ ಸಾಲವೂ ಯಾರಿಗೂ ಕಾಣಬಾರದು" ಎಂದದ್ದು ಪಿಜ್ಜಿಯ ಉತ್ತರ. ಹಗಲಿಡೀ ಬಾಗಿಲು ತೆರೆದೇ ಇರುತ್ತಿತ್ತು, ಆ ಹೊತ್ತಿನಲ್ಲಿ ಗೆರೆಗಳು ಗೋಡೆಯ ಕಡೆಗೆ ಮುಖ ಮಾಡಿರುತ್ತಿದ್ದವು. ಈ ಮಾತನ್ನು ಅಮ್ಮ ಹೇಳಿದಾಗಲೆಲ್ಲ ನನಗೆ ಅನ್ನಿಸುವುದುಂಟು: ಧಣಿಯ ಅಂಗಳದಲ್ಲಿ ಎಲ್ಲರೆದುರು ಕಡಿಮೆಬಿದ್ದ ಅಕ್ಕಿಗಾಗಿ ತಲೆ ತಗ್ಗಿಸಿ ನಿಂತ ಅನುಭವವಿಲ್ಲದವರಿಗೆ ಇಂಥ ಸೂಕ್ಷ್ಮ ಹೊಳೆಯುವುದು ಕಷ್ಟ.

ಅಳೆಯುವಾಗ ಎಣಿಕೆ ‘ಒಂದು’ ಎಂದು ಶುರುವಾಗುತ್ತಿರಲಿಲ್ಲ. ಮೊದಲ ಸೇರು ‘ಲಾಭ’, ಆಮೇಲೆ ಎರಡು, ಮೂರು. ಈ ರೂಢಿ ಕರ್ನಾಟಕದ ಹಲವೆಡೆ ಕಣದಲ್ಲಿ ಇದ್ದದ್ದೇ. ಸೇರನ್ನು ಕವುಚಿ ಇಡಬಾರದು, ಬರಿದಾಗಿ ಇಡಬಾರದು, ತಳದಲ್ಲಿ ನಾಲ್ಕು ಕಾಳಾದರೂ ಇರಬೇಕು. ತೆನೆಹಬ್ಬದ ದಿನ ಹೊಸ ಕದಿರು ಮನೆಗೆ ಬಂದಾಗ ಬಾಗಿಲು, ಬಾವಿ, ಧಾನ್ಯ ತುಂಬಿಡುವ ಪತ್ತಾಯಗಳ ಜೊತೆಗೆ ಸೇರಿಗೂ ಮಾವಿನೆಲೆ ಹಲಸಿನೆಲೆ ಸೇರಿಸಿ ಕದಿರು ಕಟ್ಟುತ್ತೇವೆ. ನಮಗೆ ಈಗ ಗದ್ದೆಯಿಲ್ಲ. ಕದಿರು ದೇವಸ್ಥಾನದಿಂದ ಬರುತ್ತದೆ.

ಅಳತೆಯ ಕಾನೂನು ಬದಲಾದದ್ದು ಪಿಜ್ಜಿಯ ಕೊನೆಯ ವರ್ಷಗಳಲ್ಲಿ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. ಅದೇ ವರ್ಷದ ನವೆಂಬರ್ 1ರಂದು ಮದರಾಸಿನ ಆಡಳಿತದಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1962ರ ಹೊತ್ತಿಗೆ ಪೇಟೆಯ ವ್ಯಾಪಾರವೆಲ್ಲ ಕಿಲೋಗ್ರಾಂ, ಲೀಟರುಗಳಿಗೆ ತಿರುಗಿತು. ಅದಕ್ಕೆ ಮೊದಲು ತೂಕದ ಸೇರು ಎಂದರೆ 80 ತೊಲ, ಇಂದಿನ ಲೆಕ್ಕದಲ್ಲಿ 933 ಗ್ರಾಂ. ಅಳೆಯುವ ಸೇರು ಮಾತ್ರ ಊರಿನಿಂದ ಊರಿಗೆ ಬೇರೆಯಾಗಿತ್ತು. ಕಿಲೋ ಬಂದದ್ದನ್ನು ಪಿಜ್ಜಿ ಸ್ವಾಗತಿಸಿದರಂತೆ. ಹಳೆಯದನ್ನು ಅವರು ಅಷ್ಟು ಹಚ್ಚಿಕೊಂಡಿದ್ದರಲ್ಲ ಎಂದು ಯಾರಾದರೂ ಆಶ್ಚರ್ಯಪಡಬಹುದು. ಆದರೆ ಧಣಿಗೂ ಒಕ್ಕಲಿಗೂ ಒಂದೇ ತಕ್ಕಡಿ ಎಂಬ ಮಾತು ಅವರಿಗೆ ಎಷ್ಟು ದೊಡ್ಡದಾಗಿ ಕೇಳಿಸಿರಬೇಕು ಎಂದು ಯೋಚಿಸಿದರೆ ನನಗೆ ಅದು ಸಹಜವಾಗಿಯೇ ಕಾಣುತ್ತದೆ.

ಗೇಣಿ ನಿಂತದ್ದನ್ನು ನೋಡಲು ಅವರು ಇರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಒಕ್ಕಲುಗಳೇ ತುಂಬಿದ್ದ ದಕ್ಷಿಣ ಕನ್ನಡದಲ್ಲಿ ಜನ ಇಂದಿಗೂ ಅದನ್ನು ಭೂಮಸೂದೆ ಎಂದೇ ಕರೆಯುತ್ತಾರೆ. ಅಜ್ಜಿ ಗದ್ದೆಯ ಹಕ್ಕು ಕೇಳುವ ಅರ್ಜಿಯಾದ ಡಿಕ್ಲರೇಶನ್ ಕೊಟ್ಟರು, ಗೇಣಿಯ ರಶೀದಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನ್ಯಾಯಮಂಡಳಿಗೆ ನಡೆದರು, ಗದ್ದೆ ಅವರ ಹೆಸರಿಗಾಯಿತು. ಆ ವರ್ಷದ ಅಕ್ಕಿಯನ್ನು ಅವರು ಪತ್ತಾಯಕ್ಕೆ ಹಾಕುವ ಮೊದಲು ಪೂರ್ತಿಯಾಗಿ ಈ ಸೇರಿನಲ್ಲೇ ಅಳೆದರು. ಕಳಸೆಯಲ್ಲಿ ಅಳೆದಿದ್ದರೆ ಬೇಗ ಮುಗಿಯುತ್ತಿತ್ತು. ಅಮ್ಮ ಆಗ ಮದುವೆಯಾದ ಹೊಸತು, ಸಹಾಯಕ್ಕೆ ಹೋಗಿದ್ದರು. ಅಜ್ಜಿ ಯಾರ ಜೊತೆಗೂ ಮಾತಾಡದೆ, ಲಾಭ ಎಂದು ಶುರುಮಾಡಿ, ದೀಪ ಹಚ್ಚುವ ಹೊತ್ತಿನ ತನಕ ಒಬ್ಬರೇ ಅಳೆದರಂತೆ. ಕೊನೆಯ ಸೇರನ್ನು ಮಾತ್ರ ಪತ್ತಾಯಕ್ಕೆ ಹಾಕದೆ, ಪಿಜ್ಜಿಗೆ ಬಡಿಸುವ ಎಡೆಯ ಅನ್ನಕ್ಕೆಂದು ಬೇರೆ ತೆಗೆದಿಟ್ಟರು.

ಆಮೇಲೆ ಕುಟುಂಬದ ಮನೆ ಪಾಲಾಯಿತು. ಹಂಡೆ, ಕಾಲುದೀಪ, ಚಾವಡಿಯ ಕಂಬಗಳ ಬಗ್ಗೆ ಮಾತುಕತೆಯಾಯಿತು. ಸೇರನ್ನು ಯಾರೂ ಕೇಳಲಿಲ್ಲ, ಅಜ್ಜಿ ಅದನ್ನು ತನ್ನ ಬಟ್ಟೆಯ ಗಂಟಿನಲ್ಲಿಟ್ಟು ತಂದರು.

ಅಜ್ಜಿಯ ಕೈಗೆ ಬರುವಾಗಲೇ ಅಂಚು ಸಾಕಷ್ಟು ಸವೆದಿತ್ತು. ಸವೆದ ಕಡೆಯಿಂದ ಕಾಳು ಜಾರುತ್ತದೆ, ಅಳತೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅದನ್ನು ಗಮನಿಸಿದ ಅಜ್ಜಿ, ಯಾರಿಗಾದರೂ ಕೊಡುವಾಗ ಪಿಜ್ಜಿ ಹಾಕುತ್ತಿದ್ದ ಹಿಡಿಯ ಜೊತೆಗೆ ಸವೆತಕ್ಕೆಂದು ಇನ್ನೊಂದು ಹಿಡಿ ಸೇರಿಸಿದರು. ಅಮ್ಮನೂ ಎರಡು ಹಿಡಿ ಹಾಕುತ್ತಾರೆ. ಈಗ ಅಕ್ಕಿ ಸಾಲ ಕೇಳುವವರಿಲ್ಲ. ಆದರೂ ಮನೆಕೆಲಸಕ್ಕೆ ಬರುವವರಿಗೆ ಹಬ್ಬಕ್ಕೆ ಕೊಡುವ ಅಕ್ಕಿ, ದೇವಸ್ಥಾನದ ಅನ್ನದಾನಕ್ಕೆ ಒಪ್ಪಿಸುವ ಅಕ್ಕಿ, ಮದುವೆಯ ಮನೆಗೆ ಕೊಂಡುಹೋಗುವ ಅಕ್ಕಿ ಎಲ್ಲವನ್ನೂ ಅಮ್ಮ ಇದರಲ್ಲೇ ಅಳೆದು ಕೊಡುತ್ತಾರೆ. ದಿನದ ಅಡುಗೆಯ ಅಕ್ಕಿಯನ್ನೂ ಅಷ್ಟೇ.

ಹಳೆಯ ಸಾಮಾನು ಕೊಳ್ಳುವವರೊಬ್ಬರು ಒಮ್ಮೆ ಮನೆಗೆ ಬಂದು ಇದಕ್ಕೆ ಒಳ್ಳೆಯ ಬೆಲೆ ಹೇಳಿದ್ದರು. ಪಟ್ಟಿಗೆ ಹೊಳಪು ಕೊಟ್ಟು, ಸವೆದ ಜಾಗಕ್ಕೆ ಹೊಸ ಹಿತ್ತಾಳೆ ಬೆಸೆದರೆ ಹೋಟೆಲಿನ ಮುಂಗಟ್ಟಿಗೆ ಚೆನ್ನಾಗಿರುತ್ತದೆ ಎಂಬುದು ಅವರ ಲೆಕ್ಕ. ಅಮ್ಮ ಚಹಾ ಕೊಟ್ಟು ಕಳಿಸಿದರು. ಸಂಗ್ರಹಾಲಯಕ್ಕೆ ಕೊಡಬಾರದೇ ಎಂದು ಕೇಳಿದವರೂ ಇದ್ದಾರೆ, ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ದಿನಬಳಕೆಯ ವಸ್ತುಗಳನ್ನು ಕೂಡಿಸಿಟ್ಟಿರುವುದು, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬಿಚ್ಚಿಹಾಕಲಿದ್ದ ಮನೆಗಳನ್ನೇ ತಂದು ಮತ್ತೆ ನಿಲ್ಲಿಸಿದ್ದು ನಮ್ಮ ನಾಡಿನ ದೊಡ್ಡ ಕೆಲಸಗಳು. ಯಾರೂ ಇಟ್ಟುಕೊಳ್ಳದ ವಸ್ತುಗಳಿಗೆ ಅವು ಮನೆ ಕೊಟ್ಟಿವೆ. ಆದರೆ ಗಾಜಿನ ಹಿಂದಿಟ್ಟ ಸೇರು ತನ್ನ ಕಾಲದ ಬಗ್ಗೆ ಹೇಳೀತೇ ಹೊರತು ಪಿಜ್ಜಿಯ ಬಗ್ಗೆ ಹೇಳಲಾರದು. ಎಡಗೈಯಲ್ಲಿ ಸವರುತ್ತಿದ್ದರು, ಮೇಲೊಂದು ಹಿಡಿ ಹಾಕುತ್ತಿದ್ದರು, ಗೆರೆಗಳನ್ನು ಬಾಗಿಲಿನ ಹಿಂದೆ ಬರೆಯುತ್ತಿದ್ದರು ಎಂಬುದು ಫಲಕದ ಮೇಲೆ ಬರೆದರೆ ಉಳಿಯುವಂಥದ್ದಲ್ಲ. ಅಳೆಯುವ ಕೈ ಇರುವ ತನಕ ಮಾತ್ರ ಅದು ಉಳಿಯುತ್ತದೆ. ಅಳೆಯುವವರು ಇಲ್ಲವಾದ ದಿನ ಸೇರು ಸಂಗ್ರಹಾಲಯಕ್ಕೆ ಹೋಗಲಿ, ಅಲ್ಲಿಯತನಕ ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಚೆಗೆ ಕೊಂಡಿಯ ಕೆಳಗೆ ಮರದಲ್ಲಿ ಕೂದಲೆಳೆಯ ಬಿರುಕು ಕಾಣಿಸಿತು. ನಮ್ಮೂರಿನ ಹಿರಿಯ ಆಚಾರಿಯವರಿಗೆ ತೋರಿಸಿದೆವು. ಅವರು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಬುಡದ ಪಟ್ಟಿ ಸಡಿಲವಾದದ್ದೇ ಕಾರಣ ಎಂದರು. ಪಟ್ಟಿಯನ್ನು ಬಿಗಿದು ಮೊಳೆ ಹೊಡೆದುಕೊಟ್ಟರು. ಬಾಯಿಯ ಸವೆತವನ್ನೂ ಸರಿಮಾಡಲೇ ಎಂದು ಕೇಳಿದಾಗ ಅಮ್ಮ ಬೇಡವೆಂದರು. ಆಚಾರಿಯವರು ಕೋಲು ತರಿಸಿ, ತಾವೇ ಒಮ್ಮೆ ಸವರಿ ನೋಡಿ, "ಎಡಗೈಯವರ ಸೇರು ಇದು" ಎಂದರು. ನಾವು ಅವರಿಗೆ ಏನನ್ನೂ ಹೇಳಿರಲಿಲ್ಲ.

ನನಗಿರುವುದು ಮಗ. ಹೆಣ್ಣಿನಿಂದ ಹೆಣ್ಣಿಗೆ ಬಂದ ವಸ್ತುವಾದ್ದರಿಂದ ಅಮ್ಮನ ನಂತರ ಇದು ತಂಗಿಯ ಮಗಳಿಗೆ ಸೇರಬೇಕೆಂದು ನಾವೆಲ್ಲ ಒಪ್ಪಿದ್ದೇವೆ, ನನ್ನ ಮಗನೂ ಕೂಡ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅಕ್ಕಿಯನ್ನು ಐದು ಕಿಲೋದ ಚೀಲದಲ್ಲಿ ತರಿಸುತ್ತಾಳೆ. ಅಮ್ಮ ಒಂದು ಶರತ್ತು ಹಾಕಿದ್ದಾರೆ: ಕಪಾಟಿನಲ್ಲಿ ಇಡುವುದಾದರೆ ಕೊಡುವುದಿಲ್ಲ, ಅಕ್ಕಿಯ ಡಬ್ಬಿಯೊಳಗೆ ಇರಬೇಕು. ಕಳೆದ ರಜೆಯಲ್ಲಿ ಬಂದಾಗ ಅವಳು ಅಮ್ಮನ ಪಕ್ಕದಲ್ಲಿ ಕುಳಿತು ಸವರುವುದನ್ನು ಕಲಿತಳು. ಯಾರಿಗೆ ಎಷ್ಟು ಹಿಡಿ, ಏಕೆ ಎರಡು ಹಿಡಿ ಎಂಬುದನ್ನು ಕೇಳಿ ತಿಳಿದುಕೊಂಡಳು, "ನಾನು ಕೊಡುವವರು ಯಾರಿದ್ದಾರೆ ಅಲ್ಲಿ ಅಜ್ಜಿ?" ಎಂದೂ ಕೇಳಿದಳು. "ನೀನು ಅಳೆಯಲು ಶುರುಮಾಡು, ಬರುತ್ತಾರೆ" ಎಂದರು ಅಮ್ಮ. ಮಳೆಗಾಲದಲ್ಲಿ ನೀರು ಹೀರಿ ಉಬ್ಬಿದ ಮರ ಘಟ್ಟದ ಮೇಲಿನ ಒಣ ಹವೆಗೆ ಒಮ್ಮೆಲೇ ಹೋದರೆ ಬಿರುಕು ಬೆಳೆದೀತು, ದೀಪಾವಳಿ ಕಳೆದು ಇಲ್ಲಿಯ ಗಾಳಿಯೂ ಒಣಗಿದ ಮೇಲೆ ಕೊಂಡುಹೋಗಲಿ ಎಂದು ಆಚಾರಿಯವರು ಹೇಳಿದ್ದಾರೆ. ಹಾಗೆಯೇ ಮಾಡುವುದೆಂದು ನಿಶ್ಚಯವಾಗಿದೆ.